ಸ್ಯಾಂಟ್ರಿ ಮನೆಯ ಗಾಳಿಗಂಡಿ

ಅಪೂರ್ವಾ ಸತ್ತಳೆಂದು ನನಗೆ ತಿಳಿದದ್ದು ಕಾರ್ಕಿನಿಂದ ಡಬ್ಲಿನ್ನಿಗೆ ಬರುವ ಬಸ್ಸಿನಲ್ಲಿ. ಮನೆಯ ಮಾಲೀಕ ಸಂಪತ್ ಫೋನ್ ಮಾಡಿದ್ದ.

"ಸ್ಪಂದನಾ, ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

"ಇಲ್ಲ ಅಣ್ಣ. ಹೇಳಿ."

"ಅಪೂರ್ವಾ ಹೋಗ್ಬಿಟ್ಲು ಕಣೆ. ಬಾಯ್ಲರ್ ಗ್ಯಾಸು. ಮಲಗಿದ್ದ ಹಾಗೇ..." ಅವನು ಅಳುತ್ತಿದ್ದ. ಮೂಗು ಸೀಟಿದ ಸದ್ದಾಯಿತು. ಆಮೇಲೆ ಹೇಳಿದ, "ಆ ಗಾಳಿಗಂಡಿಗೆ ಬಟ್ಟೆ ತುರುಕಬೇಡಿ ಅಂತ ಬಡ್ಕೊಂಡೆ. ಕೇಳಿದ್ರಾ ನೀವು?"

ನಾನು "ಸರಿ ಅಣ್ಣ" ಅಂದೆ. ಫೋನ್ ಇಟ್ಟೆ. ಚೀಲದಲ್ಲಿ ಸ್ಯಾಂಡ್‌ವಿಚ್ ಇತ್ತು, ತಿಂದೆ. ಪೂರ್ತಿ ತಿಂದೆ. ಸುದ್ದಿ ಕೇಳಿದ ಮೇಲೆ ಏನು ಮಾಡಿದೆ ಎಂದು ಪೊಲೀಸರು ಕೇಳಿದಾಗಲೂ ಇದನ್ನೇ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ನೋಡಲಿ. ನನ್ನ ಮುಖದಲ್ಲಿ ಏನೂ ಇರಲಿಲ್ಲ.

ನಾವಿಬ್ಬರೂ ಮೈಸೂರಿನ ಒಂದೇ ಕಾಲೇಜಿನವರು. ಒಂದು ವರ್ಷದ ಎಕ್ಸ್‌ಚೇಂಜ್ ಎಂದು ಡಬ್ಲಿನ್ನಿಗೆ ಬಂದವರು. ಸಂಪತ್ ಸಾಫ್ಟ್‌ವೇರ್ ಇಂಜಿನಿಯರ್. ಸಂಸಾರ ಸಮೇತ ಪಕ್ಕದ ಊರು ಸ್ವೋರ್ಡ್ಸ್‌ನಲ್ಲಿದ್ದಾನೆ, ಸ್ಯಾಂಟ್ರಿಯಲ್ಲಿರುವ ತನ್ನ ಹಳೇ ಮನೆಯನ್ನು ಬಾಡಿಗೆಗೆ ಕೊಡುತ್ತಾನೆ. "ನಮ್ಮ ಕನ್ನಡದ ಹುಡುಗೀರಿಗೇ ಕೊಡೋದು, ಅಣ್ಣ ಅನ್ನಿ ಸಾಕು" ಅಂದಿದ್ದ. ಅಂದೆವು.

ಅಡುಗೆಮನೆಯ ಗೋಡೆಯಲ್ಲಿ, ಮನೆಯನ್ನು ಬಿಸಿಮಾಡುವ ಗ್ಯಾಸ್ ಬಾಯ್ಲರಿನ ಪಕ್ಕ ಒಂದು ಗಂಡಿ. ಈ ದೇಶದ ಹಳೇ ಮನೆಗಳಲ್ಲೆಲ್ಲ ಇರುತ್ತದೆ, ಗಾಳಿ ಆಡಲಿ ಎಂದು. ನಮ್ಮವರು ಬಂದ ಮೊದಲ ಚಳಿಗಾಲದಲ್ಲಿ ಮಾಡುವ ಮೊದಲ ಕೆಲಸ ಅದಕ್ಕೆ ಬಟ್ಟೆ ತುರುಕುವುದು. ಹೀಟರಿಗೆ ದುಡ್ಡು ಸುರಿಯುತ್ತಿದ್ದೇವೆ, ಗೋಡೆಯಲ್ಲಿ ತೂತು ಯಾಕೆ? ನಾನೂ ಅಕ್ಟೋಬರಿನಲ್ಲಿ ತುರುಕಿದ್ದೆ. ಊರಿಂದ ತಂದಿದ್ದ ತೆಳುವಾದ ಕೆಂಪು ಚೌಕುಳಿ ವಸ್ತ್ರ. ನವೆಂಬರಿನಲ್ಲಿ ಸಂಪತ್ ಮನೆ ನೋಡಲು ಬಂದವನು ಅದನ್ನು ಕಂಡು ವಾಟ್ಸಾಪ್ ಗುಂಪಿನಲ್ಲಿ ಬೈದ. "ಸಾರಿ ಅಣ್ಣ, ತೆಗೀತೀನಿ" ಎಂದು ನಾನು ಉತ್ತರ ಹಾಕಿದೆ.

ತೆಗೆದೆನಾ? ನೆನಪಿಲ್ಲ.

ನವೆಂಬರಿನಿಂದ ನನಗೆ ಯಾವುದೂ ಸರಿಯಾಗಿ ನೆನಪಿಲ್ಲ. ಬೆಳಿಗ್ಗೆ ಕತ್ತಲು, ಕ್ಲಾಸು ಮುಗಿಸಿ ಬಂದರೆ ಕತ್ತಲು. ಮಲಗುತ್ತಿದ್ದೆ. ಎದ್ದು ಮತ್ತೆ ಮಲಗುತ್ತಿದ್ದೆ. ಅಪೂರ್ವಾ ತಟ್ಟೆ ತಂದು ಮಂಚದ ಮೇಲಿಡುತ್ತಿದ್ದಳು, ತಿನ್ನುತ್ತಿದ್ದೆ. ಅಳುವೇನೂ ಬರುತ್ತಿರಲಿಲ್ಲ. ಏನೂ ಬರುತ್ತಿರಲಿಲ್ಲ. ಫೆಬ್ರವರಿಯಲ್ಲಿ ನನ್ನ ಕ್ಲಾಸಿನವರು ಕಾರ್ಕಿನ ಔಷಧಿ ಕಾರ್ಖಾನೆ ನೋಡಲು ಹೊರಟಾಗ ಅವಳೇ ನನ್ನನ್ನು ಎಬ್ಬಿಸಿ, ಕೋಟು ಹಾಕಿಸಿ, ಬಸ್ಸಿಗೆ ಹತ್ತಿಸಿದ್ದಳು.

ಮಾರನೆಯ ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಆಮೇಲೆ ಸಂಪತ್‌ಗೆ ಮಾಡಿದೆ. ಹೋಗಿ ನೋಡುತ್ತೇನೆ ಅಂದ. ಸ್ವಲ್ಪ ಹೊತ್ತಿಗೆ ತಾನೇ ಫೋನ್ ಮಾಡಿ, "ಬಾಗಿಲಲ್ಲೇ ಇದ್ದೀನಿ, ಬೀಗ ತೆಗೀತಿದ್ದೀನಿ, ಗಾಬರಿಯಾಗಬೇಡ" ಅಂದ. ನಾನು ಬಸ್ಸು ಹತ್ತಿದೆ. ಬಸ್ಸು ಊರು ಬಿಟ್ಟು ಎಷ್ಟೋ ದೂರ ಬಂದ ಮೇಲೆ ಅವನ ಆ ಫೋನು ಬಂದದ್ದು.

*

ಆಸ್ಪತ್ರೆಯಲ್ಲಿ ಅಪೂರ್ವಾಳನ್ನು ನೋಡಿದ ಡಾಕ್ಟರು ಕನ್ನಡದವರೇ. ಅರ್ಪಿತಾ ಅಂತ. ನನ್ನ ಹೆಸರು ಕೇಳಿದ ತಕ್ಷಣ ಕನ್ನಡಕ್ಕೆ ತಿರುಗಿದರು.

"ಇಲ್ಲಿಗೆ ತರುವಾಗ್ಲೇ ಜೀವ ಹೋಗಿತ್ತಮ್ಮ. ಮೈ ಇನ್ನೂ ಬೆಚ್ಚಗಿತ್ತು. ತುಂಬಾ ಪ್ರಯತ್ನಪಟ್ವಿ."

"ಥ್ಯಾಂಕ್ಸ್" ಅಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಇವತ್ತು ಎಲ್ಲಿ ಮಲಗ್ತೀಯಾ?"

ಯೋಚಿಸಿರಲಿಲ್ಲ. ಡ್ಯೂಟಿ ಮುಗಿಸಿ ಅವರೇ ಕಾರಿನಲ್ಲಿ ಸ್ವೋರ್ಡ್ಸ್‌ನ ತಮ್ಮ ಮನೆಗೆ ಕರೆದುಕೊಂಡು ಹೋದರು. ಬಾಗಿಲು ತೆಗೆದವರು ಅವರ ತಾಯಿ ಚಂದ್ರಾವತಿ. ಎತ್ತರದ ಹೆಂಗಸು, ಬಾಬ್ ಕಟ್, ಸ್ವೆಟರಿನ ಮೇಲೆ ಸ್ವೆಟರು. ತುಮಕೂರಿನಲ್ಲಿ ಸರ್ಕಲ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು, ಮೊಮ್ಮಗಳನ್ನು ನೋಡಿಕೊಳ್ಳಲು ಬಂದಿದ್ದರು. ಮೊಮ್ಮಗಳೋ, ಅಜ್ಜಿ ಕನ್ನಡದಲ್ಲಿ ಊಟಕ್ಕೆ ಕರೆದರೆ "ಐಯಾಮ್ ಗ್ರ್ಯಾಂಡ್, ಅಜ್ಜಿ" ಎಂದು ಅಚ್ಚ ಐರಿಷ್ ರಾಗದಲ್ಲಿ ಉತ್ತರ ಕೊಡುವಂಥವಳು.

ಅನ್ನ ತಿನ್ನುತ್ತಿದ್ದಾಗ ನನ್ನ ಫೋನ್ ಬಂತು. ಚನ್ನಗಿರಿಯಿಂದ ಶಿವರುದ್ರಪ್ಪ, ಅಪೂರ್ವಾಳ ಅಪ್ಪ.

"ಸಂಪತ್ ಹೇಳಿದ್ರು," ಅವರ ದನಿ ಬಹಳ ನಿಧಾನವಾಗಿತ್ತು. "ಆ ಬಟ್ಟೆ ಇಟ್ಟಿದ್ದು ನೀನೇನಮ್ಮ?"

"ಇಟ್ಟಿದ್ದೆ ಅಂಕಲ್."

"ತೆಗೆದಿರಲಿಲ್ವಾ?"

"ಗೊತ್ತಿಲ್ಲ ಅಂಕಲ್."

ಅವರು ಫೋನ್ ಇಟ್ಟರು. ನಾನು ಮತ್ತೆ ಅನ್ನ ಕಲಸಿದೆ. ಅಪೂರ್ವಾಳನ್ನು ನಾನೇ ಕೊಂದಿದ್ದೇನೆ ಎಂಬ ಮಾತು ತಲೆಯೊಳಗೆ ಬಂದು ಕೂತಿತು. ಅದರ ಜೊತೆ ಬರಬೇಕಾದ ಸಂಕಟ ಮಾತ್ರ ಬರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಚಂದ್ರಾವತಿ ಎಲ್ಲ ಕೇಳಿಸಿಕೊಂಡಿದ್ದರು. ಮಜ್ಜಿಗೆ ಬಡಿಸುತ್ತಾ ಅಂದರು, "ಗೊತ್ತಿಲ್ಲ ಅನ್ನೋದು ಒಪ್ಪಿಗೆ ಅಲ್ಲ ಕಣಮ್ಮ. ಸ್ಟೇಷನ್ನಲ್ಲಿ ಅದನ್ನ ಒಪ್ಪಿಗೆ ಅಂತ ಬರ್ಕೊಂಡವರನ್ನ ನಾನು ನೋಡಿದ್ದೀನಿ. ನಾಳೆ ನಿನ್ನ ಕರೆಸ್ತಾರಾ?"

"ಹೌದು ಆಂಟಿ."

"ನಾನೂ ಬರ್ತೀನಿ."

"ಅಮ್ಮ, ನಿಂಗ್ಯಾಕೆ?" ಎಂದರು ಅರ್ಪಿತಾ. "ಇಲ್ಲಿ ನಿನ್ನ ತುಮಕೂರು ದರ್ಬಾರು ನಡೆಯಲ್ಲ."

"ಸುಮ್ನೆ ಜೊತೆಗೆ ಕೂತ್ಕೋತೀನಿ. ಕೂರೋಕೂ ಪರ್ಮಿಷನ್ ಬೇಕಾ?"

*

ಇಲ್ಲಿನ ಪೊಲೀಸರಿಗೆ ಗಾರ್ಡಾ ಅನ್ನುತ್ತಾರೆ. ನಮ್ಮ ಕೇಸು ಡೀಗನ್ ಎಂಬವನದು. ವಯಸ್ಸಾದವನು, ಕೆಂಪು ಹುಬ್ಬು, ಮೆತ್ತಗೆ ಮಾತಾಡುತ್ತಿದ್ದ. ಚಂದ್ರಾವತಿ ಯಾರೆಂದು ಕೇಳಿ ಎದ್ದು ಕೈಕುಲುಕಿದ. ಅವರ ಇಂಗ್ಲಿಷು ಕಡಮೆ, ನಾನೇ ಎರಡೂ ಕಡೆ ಹೇಳಬೇಕಾಯಿತು.

ಡೀಗನ್ ಮೂರು ಸಂಗತಿ ಹೇಳಿದ. ಬಾಯ್ಲರಿನ ಹೊಗೆ ಪೈಪಿನ ಕೀಲು ಸಡಿಲವಾಗಿತ್ತು. ಆದರೂ ಗಾಳಿಗಂಡಿ ತೆರೆದಿದ್ದರೆ ವಿಷಗಾಳಿ ಅಷ್ಟು ತುಂಬುತ್ತಿರಲಿಲ್ಲವೇನೋ ಎಂದು ಪರಿಶೀಲಿಸಿದವರ ಊಹೆ. ಅಡುಗೆಮನೆಯ ಸ್ಮೋಕ್ ಅಲಾರಮ್ಮಿಗೆ ಶವರ್ ಕ್ಯಾಪ್ ಹಾಕಿತ್ತು, ವಿಷಗಾಳಿಯ ಅಲಾರಮ್ಮಿನ ಸೆಲ್ಲು ಸತ್ತಿತ್ತು.

"ಶವರ್ ಕ್ಯಾಪ್ ಯಾಕೆ?" ಎಂದು ಕೇಳಿದ.

"ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಬಡಕೊಳ್ಳತ್ತೆ."

ಚಂದ್ರಾವತಿ ತಲೆಯಾಡಿಸಿದರು. "ನಮ್ಮನೇಲೂ ಹಾಕಿದೆ ಅಂತ ಹೇಳು."

ನಾನು ಹೇಳಿದೆ. ಡೀಗನ್ ನಗಲಿಲ್ಲ. ಸೆಲ್ಲಿನ ವಿಷಯಕ್ಕೆ, ಹೊಸ ಅಲಾರಂ ತರುತ್ತೇನೆಂದು ಸಂಪತ್ ಕ್ರಿಸ್‌ಮಸ್‌ಗೂ ಮೊದಲೇ ಹೇಳಿದ್ದ, ತರಲಿಲ್ಲ ಎಂದೆ. ಆಮೇಲೆ ಅವನು ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಗಂಡಿಯಿಂದ ಎಳೆದು ತೆಗೆದ ಬಟ್ಟೆ. ಕೆಂಪು ಚೌಕುಳಿ.

"ನಿನ್ನದೇನಾ?"

"ನನ್ನದೇ."

ಚಂದ್ರಾವತಿ ಒಂದು ಫೋಟೋ ಎತ್ತಿಕೊಂಡು ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು.

"ಈ ಬಿಳಿ ಎಳೆಗಳು ಏನಂತೆ ಕೇಳು."

ಬಟ್ಟೆಯ ನಡುಭಾಗದಲ್ಲಿ ಸಣ್ಣ ಸಣ್ಣ ಬಿಳಿ ತುಣುಕುಗಳು ನೇಯ್ಗೆಯಿಂದ ಹೊರಗೆ ಚಾಚಿದ್ದವು. ಗೋಡೆಯೊಳಗಿನ ಹತ್ತಿಯೋ ಬೂಷ್ಟೋ ಇರಬೇಕು ಎಂದ ಡೀಗನ್. ತೆಗೆದಾಗ ಬಟ್ಟೆ ಒದ್ದೆಯಾಗಿತ್ತು, ಮಳೆನೀರು ಇಳಿದಿರಬಹುದು.

"ಆ ವಾರ ಮಳೆ ಬಂತಾ?" ಚಂದ್ರಾವತಿ ನನ್ನನ್ನು ಕೇಳಿದರು.

ಯೋಚಿಸಿದೆ. ಇಲ್ಲ. ಒಣ ಚಳಿ. ಅಪೂರ್ವಾ ಬಸ್‌ಸ್ಟಾಪಿನಲ್ಲಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಬೇಕಂತಲೇ ಕಾಲಿಟ್ಟು ಕರಕರ ಅನ್ನಿಸಿದ್ದಳು. ಆ ಚಳಿಗೇ ಅವಳು ರಾತ್ರಿಯಿಡೀ ಹೀಟಿಂಗ್ ಹಾಕಿ ಮಲಗಿದ್ದು.

"ಇಲ್ಲ ಆಂಟಿ."

ಅವರು ಆ ಬಟ್ಟೆಯನ್ನು ಒಗೆಯದೆ, ಒದರದೆ ಹಾಗೇ ಜೋಪಾನವಾಗಿಡಿ ಎಂದು ಮಾತ್ರ ಹೇಳಿಸಿದರು.

ಡೀಗನ್ ಬಳಿ ಇನ್ನೊಂದು ಎಳೆಯಿತ್ತು. ಸಾವಿನ ಹಿಂದಿನ ಸಂಜೆ ಅಡುಗೆಮನೆಯ ಹೊರಗೋಡೆಯ ಬುಡದಲ್ಲಿ ಒಬ್ಬ ಹುಡುಗ ಕುಕ್ಕರುಗಾಲಲ್ಲಿ ಕೂತಿದ್ದನ್ನು ಪಕ್ಕದ ಮನೆಯ ಅಜ್ಜಿ ನೋಡಿದ್ದಳು. ಯಾರೆಂದು ನನಗೆ ತಕ್ಷಣ ಗೊತ್ತಾಯಿತು. ಕಿರಣ್. ದಾವಣಗೆರೆಯವನು, ಡಬ್ಲಿನ್ನಿನಲ್ಲೇ ಎಂ.ಎಸ್. ಓದುತ್ತಿದ್ದ. ಅಪೂರ್ವಾಳ ಹಿಂದೆ ಬಿದ್ದಿದ್ದ. ಅವಳು ಜನವರಿಯಲ್ಲಿ ಬೇಡ ಎಂದು ಖಡಾಖಂಡಿತ ಹೇಳಿದ್ದಳು.

ಅವನು ಗಂಡಿಗೆ ಬಟ್ಟೆ ತುರುಕಿದ್ದರೆ? ನನಗೆ ಒಂದು ಕ್ಷಣ ಹಗುರವಾಯಿತು. ನಾಚಿಕೆಗೆಟ್ಟ ಹಗುರ.

*

ಕಿರಣನನ್ನು ಡೀಗನ್ ಆಗಲೇ ಕರೆಸಿ ಕೇಳಿದ್ದ. ಆದರೂ ಚಂದ್ರಾವತಿ ತಾವೇ ನೋಡಬೇಕೆಂದರು. ಬಸ್‌ಸ್ಟಾಪಿನ ಪಕ್ಕದ ಕಾಫಿ ಅಂಗಡಿಗೆ ಬಂದ. ಗಡ್ಡ ಬಿಟ್ಟಿದ್ದ, ಕಣ್ಣು ಊದಿತ್ತು. ಅವನಾದರೂ ಅತ್ತಿದ್ದಾನಲ್ಲ ಅನ್ನಿಸಿತು.

"ಅಲ್ಲಿ ಏನ್ ಮಾಡ್ತಿದ್ದೆಪ್ಪಾ?"

"ಕುಕ್ಕರ್ ವಾಪಸ್ ಕೊಡಕ್ಕೆ ಹೋಗಿದ್ದೆ ಆಂಟಿ. ಅವಳದು. ಬೆಲ್ ಮಾಡೋ ಧೈರ್ಯ ಆಗ್ಲಿಲ್ಲ. ಗೋಡೆ ಪಕ್ಕ ಇಟ್ಟು ಮೆಸೇಜ್ ಹಾಕೋಣ ಅಂತ..."

"ಅದಕ್ಕೆ ಕುಕ್ಕರುಗಾಲಲ್ಲಿ ಕೂರಬೇಕಾ?"

ಅವನು ತಲೆ ತಗ್ಗಿಸಿದ. "ಸ್ವಲ್ಪ ಹೊತ್ತು ಕೂತಿದ್ದೆ. ಒಳಗೆ ಅವಳು ಏನೋ ಗುನುಗ್ತಿದ್ಲು. ಇಂಗಿನ ಒಗ್ಗರಣೆ ಘಾಟು ಸೀದಾ ಮುಖಕ್ಕೆ ಹೊಡೀತು. ಕೆಮ್ಮು ಬಂತು. ಕೇಳಿಸ್ಬಿಡತ್ತೆ ಅಂತ ಎದ್ದು ಬಂದ್ಬಿಟ್ಟೆ."

"ಕಿಟಕಿ ತೆಗೆದಿತ್ತಾ?"

"ಆ ಚಳೀಲಾ? ಇಲ್ಲ. ಗೋಡೇಲಿ ಜಾಲರಿ ಇದೆಯಲ್ಲ, ಅದರಿಂದ."

ಚಂದ್ರಾವತಿ ಕಾಫಿ ಲೋಟ ಕೆಳಗಿಟ್ಟರು. "ಇದನ್ನ ಗಾರ್ಡಾಗೆ ಹೇಳಿದ್ಯಾ?"

"ಅವರು ಕೇಳ್ಲಿಲ್ಲ. ಬಟ್ಟೆ ತುರುಕಿದ್ಯಾ ಅಂತ ಅಷ್ಟೇ ಕೇಳಿದ್ರು."

ಅವನನ್ನು ಕಳಿಸಿದ ಮೇಲೆ ಚಂದ್ರಾವತಿ ನನ್ನ ಕಡೆ ತಿರುಗಿದರು. "ಹೊರಗಡೆ ಜಾಲರಿ ಸ್ಕ್ರೂ ಹಾಕಿ ಕೂರಿಸಿರ್ತಾರೆ, ಅಲ್ಲಿಂದ ಬಟ್ಟೆ ತುರುಕಕ್ಕೆ ಆಗಲ್ಲ. ಹುಡುಗ ಅಲ್ಲ. ಅದಿರಲಿ, ಅವನು ಹೇಳಿದ್ದು ತಲೆಗೆ ಹೋಯ್ತಾ?"

"ಏನು?"

"ಏನು ಅಂತೀಯಲ್ಲ ತಾಯಿ! ಹಿಂದಿನ ದಿನ ಸಂಜೆ ಗಂಡಿ ತೆರೆದಿತ್ತು. ನಿನ್ನ ಅಕ್ಟೋಬರ್ ಬಟ್ಟೆ ಅಲ್ಲಿರಲಿಲ್ಲ."

ಮಾತು ಅರ್ಥವಾಯಿತು. ಅದು ಇಳಿಯಬೇಕಾದ ಜಾಗಕ್ಕೆ ಇಳಿಯಲಿಲ್ಲ. "ಹಾಗಾದ್ರೆ ಅಪೂರ್ವಾನೇ ರಾತ್ರಿ ಚಳಿಗೆ ಮತ್ತೆ ತುರುಕಿರಬಹುದು" ಅಂದೆ.

"ಇರಬಹುದು" ಎಂದರು. "ಅದನ್ನೇ ನೋಡಬೇಕು. ಅವಳು ನಿಂಗೆ ತಿನ್ನೋಕೆ ಏನು ಕೊಡ್ತಿದ್ಲು?"

"ಅನ್ನ, ಸಾರು. ಕಾಳು."

"ಯಾವ ಕಾಳು?"

"ಹೆಸರುಕಾಳು. ಮೊಳಕೆ ಬರಿಸಿ ಉಸ್ಲಿ ಮಾಡೋಳು. ವಾರವಾರ."

"ಯಾವುದರಲ್ಲಿ ಕಟ್ಟಿ ಇಡ್ತಿದ್ಲು?"

ಬಾಯಿ ತೆರೆದೆ. ಗೊತ್ತಿರಲಿಲ್ಲ. ಚಳಿಗಾಲವಿಡೀ ತಿಂದಿದ್ದೆ. ಒಂದು ಸಲವೂ ನೋಡಿರಲಿಲ್ಲ.

*

ಡೀಗನ್ ಮನೆಯ ಬೀಗ ತೆಗೆದು ಜೊತೆಗೇ ಬಂದ. ಬಾಯ್ಲರನ್ನು ಬಿಚ್ಚಿ ಒಯ್ದಿದ್ದರು, ಆ ಜಾಗ ಬೋಳಾಗಿತ್ತು. ಒಲೆಯ ಮೇಲೆ ಅಪೂರ್ವಾಳ ಬಾಣಲೆ ಹಾಗೇ ಇತ್ತು.

ಚಂದ್ರಾವತಿ ಅಡುಗೆಮನೆಯಲ್ಲಿ ನಿಲ್ಲಲೇ ಇಲ್ಲ. ಸೀದಾ ಮಹಡಿ ಹತ್ತಿ ಅಪೂರ್ವಾಳ ಕೋಣೆಯ ಪಕ್ಕದಲ್ಲಿದ್ದ ಹಾಟ್ ಪ್ರೆಸ್ ತೆರೆದರು. ಬಿಸಿನೀರಿನ ಟ್ಯಾಂಕ್ ಇರುವ ಬೀರು ಅದು. ಬೆಚ್ಚಗಿರುತ್ತದೆಂದು ಇಲ್ಲಿಯವರು ಟವೆಲ್ಲು, ಹೊದಿಕೆ ಇಡುತ್ತಾರೆ. ನಮ್ಮವರು ಹಾಲಿಗೆ ಹೆಪ್ಪು ಹಾಕಿ ಇಡುತ್ತಾರೆ, ದೋಸೆ ಹಿಟ್ಟು ಇಡುತ್ತಾರೆ.

ಟ್ಯಾಂಕಿನ ಪಕ್ಕ ಒಂದು ಸ್ಟೀಲ್ ಬೋಗುಣಿ. ಅದರೊಳಗೆ ಜರಡಿ. ಎರಡೂ ಖಾಲಿ. ಬೋಗುಣಿಯ ತಳದಲ್ಲಿ ನೀರು ಆರಿದ ಕಲೆ, ಅದರಲ್ಲಿ ಹಸಿರು ಸಿಪ್ಪೆ ಎರಡು ಮೂರು ಅಂಟಿದ್ದವು.

"ಕಾಳು ಇಲ್ಲಿತ್ತು. ಕಟ್ಟಿದ ಬಟ್ಟೆ ಎಲ್ಲಿ? ಕಾಳು ಎಲ್ಲಿ?"

ಫ್ರಿಜ್ಜಿನಲ್ಲಿ ಇರಲಿಲ್ಲ. ಒಳಗಿನ ಕಸದಲ್ಲಿ ಇರಲಿಲ್ಲ. ಚಂದ್ರಾವತಿ ಹಿತ್ತಲ ಬಾಗಿಲು ತೆರೆದು ಹೊರಗೆ ಹೋದರು. ಬ್ರೌನ್ ಬಿನ್ ಅಲ್ಲಿತ್ತು. ಊಟದ ಉಳಿಕೆ, ತರಕಾರಿ ಸಿಪ್ಪೆಗೆಂದೇ ಇರುವ ದೊಡ್ಡ ಡಬ್ಬ. ಮುಚ್ಚಳ ಎತ್ತಿದರು. ಬಗ್ಗಿ ನೋಡಿದರು. "ಬಾ ಇಲ್ಲಿ" ಅಂದರು.

ತಳದಲ್ಲಿ ಒಂದು ರಾಶಿ ಹೆಸರುಕಾಳು. ಬಾಡಿ ಕಂದಿತ್ತು, ಆದರೂ ಮೊಳಕೆ ನೀಟಾಗಿ ಕಾಣುತ್ತಿತ್ತು. ಬೇರೇನೂ ಇರಲಿಲ್ಲ. ಒಂದು ಈರುಳ್ಳಿ ಸಿಪ್ಪೆಯೂ ಇರಲಿಲ್ಲ.

"ಅಪೂರ್ವಾ ಅನ್ನದ ಅಗುಳೂ ಎಸೆಯೋಳಲ್ಲ ಆಂಟಿ" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಬೇಲಿಯ ಆಚೆ ಪಕ್ಕದ ಮನೆಯ ಅಜ್ಜಿ ನಿಂತಿದ್ದಳು. ಪಾಪದ ಮುಖ ಮಾಡಿಕೊಂಡು ನನ್ನ ಕೈ ಹಿಡಿದುಕೊಂಡಳು. ಚಂದ್ರಾವತಿ ನನ್ನ ಬಾಯಿಂದ ಕೇಳಿಸಿದರು, ಬಿನ್ ಲಾರಿ ಯಾವತ್ತು ಬಂದಿತ್ತು?

ಅದೇ ಬೆಳಿಗ್ಗೆ, ಎಂದಳು ಅಜ್ಜಿ. ಹುಡುಗಿ ಹಿಂದಿನ ಸಂಜೆಯೇ ಡಬ್ಬವನ್ನು ರಸ್ತೆಗೆ ತಂದಿಟ್ಟಿದ್ದಳು. ಲಾರಿ ಬೆಳಕು ಹರಿಯುವ ಮೊದಲೇ ಬಂದು ಖಾಲಿ ಮಾಡಿಕೊಂಡು ಹೋಯಿತು. "ಆಮೇಲೆ ಸಂಪತ್ ಬಂದು ಅದನ್ನು ಒಳಗೆ ತಳ್ಳಿಕೊಂಡು ಹೋದ. ಒಳ್ಳೆಯ ಮನುಷ್ಯ. ಪಾಪ, ಒಳಗೆ ಏನು ಕಾದಿದೆ ಎಂದು ಅವನಿಗೆ ಗೊತ್ತಿರಲಿಲ್ಲ."

"ಆಂಬುಲೆನ್ಸ್ ಬರೋದಕ್ಕೆ ಮುಂಚೆನಾ, ಆಮೇಲಾ?"

ಮುಂಚೆ. ಅಜ್ಜಿಗೆ ಖಚಿತವಿತ್ತು. ಮನೆಯೊಳಗಿಂದ ಬಂದ, ಡಬ್ಬದ ಮುಚ್ಚಳ ಎತ್ತಿ ಏನೋ ಹಾಕಿದ, ಒಳಗೆ ತಳ್ಳಿಕೊಂಡು ಹೋದ. ಎಷ್ಟೋ ಹೊತ್ತಿನ ಮೇಲೆ ಆಂಬುಲೆನ್ಸ್ ಬಂತು.

ಡೀಗನ್ ಇಷ್ಟು ಹೊತ್ತು ಸುಮ್ಮನಿದ್ದವನು ಕೈಗವಸು ಹಾಕಿಕೊಂಡ.

*

ಮಾರನೆಯ ದಿನ ಮಧ್ಯಾಹ್ನ ಸಂಪತ್‌ನನ್ನು ಅದೇ ಅಡುಗೆಮನೆಗೆ ಕರೆಸಿದರು. ಅವನು ನನ್ನ ತಲೆ ಸವರಲು ಬಂದ. ನಾನು ಹಿಂದೆ ಸರಿದೆ.

ಡೀಗನ್ ಕೇಳಬೇಕಾದದ್ದನ್ನು ಕೇಳಿ ಮುಗಿಸಿದ. ಸಂಪತ್ ಒಳ್ಳೇ ಇಂಗ್ಲಿಷಿನಲ್ಲಿ ಮೊದಲಿನದೇ ಕತೆ ಹೇಳಿದ. ಆಮೇಲೆ ಡೀಗನ್ ಚಂದ್ರಾವತಿಯ ಕಡೆ ನೋಡಿ ಕೈಸನ್ನೆ ಮಾಡಿದ. ನೀನು ನನಗೆ ಎಲ್ಲ ಹೇಳುತ್ತಾ ಹೋಗು ಎಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ.

"ಬಾಗಿಲು ತೆಗೆದ ಮೇಲೆ ಏನೇನ್ ಮಾಡಿದ್ರಿ ಸಂಪತ್? ಇನ್ನೊಂದ್ಸಲ ಹೇಳಿ."

"ಹೇಳಿದ್ನಲ್ಲ ಮೇಡಂ. ಬಾಯ್ಲರ್ ಆಫ್ ಮಾಡ್ದೆ. ಗಂಡೀಲಿ ಬಟ್ಟೆ ನೋಡ್ದೆ. ಮೇಲೆ ಹೋದೆ, ಅವಳನ್ನ ನೋಡ್ದೆ. ಆಂಬುಲೆನ್ಸ್‌ಗೆ ಫೋನ್ ಮಾಡ್ದೆ. ಬೇರೆ ಏನೂ ಮುಟ್ಟಿಲ್ಲ."

"ಹಾಟ್ ಪ್ರೆಸ್ ತೆಗೆದ್ರಾ?"

"ಇಲ್ಲ."

"ಬಿನ್ ಒಳಗೆ ತಂದ್ರಾ?"

"ಅದು... ಎಲ್ಲಾ ಮುಗಿದ ಮೇಲೆ."

"ಪಕ್ಕದ ಮನೆ ಅಜ್ಜಿ ಹಾಗನ್ನಲ್ಲ. ಕೇಳಿಸ್ಕೊಳ್ಳಿ, ನಾನು ಹೇಳ್ತೀನಿ. ಹಿಂದಿನ ದಿನ ಸಂಜೆ ಈ ಗಂಡಿ ತೆರೆದಿತ್ತು. ಒಗ್ಗರಣೆ ಘಾಟು ಹೊರಗೆ ಕೂತ ಹುಡುಗನ ಮೂಗಿಗೆ ಹೊಡೆದಿದೆ. ಈ ಮಗು ಇಟ್ಟಿದ್ದ ಬಟ್ಟೇನ ಅಪೂರ್ವಾ ಯಾವತ್ತೋ ತೆಗೆದು, ಒಗೆದು, ಕಾಳು ಕಟ್ಟೋಕೆ ಇಟ್ಕೊಂಡಿದ್ಲು. ಹೆಸರುಕಾಳು ಮೊಳಕೆ ಒಡೆದಾಗ ತೆಳು ಬಟ್ಟೆ ತೂರ್ಕೊಂಡು ಬೇರು ಹೊರಗೆ ಬರತ್ತೆ. ಕಿತ್ತು ಬಿಡಿಸಿದ್ರೆ ತುದಿ ಮುರಿದು ನೇಯ್ಗೇಲೇ ಉಳ್ಕೊಳ್ಳತ್ತೆ. ಗಂಡೀಲಿ ಸಿಕ್ಕ ಬಟ್ಟೇಲಿ ಇರೋ ಬಿಳಿ ಎಳೆ ಅದೇ. ನಿನ್ನೆ ಅದನ್ನ ಲೆನ್ಸ್ ಹಿಡಿದು ನೋಡಿದ್ದಾರೆ. ಮಳೆ ಇಲ್ಲದೆ ಬಟ್ಟೆ ಒದ್ದೆ ಇದ್ದಿದ್ದೂ ಅದಕ್ಕೇ."

"ಅಪೂರ್ವಾನೇ ರಾತ್ರಿ ಕಾಳು ಬಿಸಾಕಿ ಬಟ್ಟೆ ತುರುಕಿರಬಹುದಲ್ಲ?"

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಬಿನ್ ಲಾರಿ ಬೆಳಿಗ್ಗೆ ಬಂದು ಡಬ್ಬ ಖಾಲಿ ಮಾಡಿದೆ. ಅವಳು ರಾತ್ರಿ ಎಸೆದಿದ್ರೆ ಆ ಕಾಳು ಲಾರೀಲಿ ಹೋಗ್ಬೇಕಿತ್ತು. ಖಾಲಿ ಡಬ್ಬದ ತಳದಲ್ಲಿ ಕೂತಿದೆ. ಲಾರಿ ಹೋದ್ಮೇಲೆ, ಆಂಬುಲೆನ್ಸ್ ಬರೋದಕ್ಕೆ ಮುಂಚೆ ಈ ಮನೆಯೊಳಗೆ ಕಾಲಿಟ್ಟವರು ನೀವೊಬ್ಬರೇ." ಅವರು ಮುಂದುವರಿಸಿದರು, "ಸಿಂಕಿಗೆ ಸುರಿದಿದ್ರೆ, ಟಾಯ್ಲೆಟ್ಟಿಗೆ ಹಾಕಿದ್ರೆ ನನಗೆ ಏನೂ ಸಿಗ್ತಿರಲಿಲ್ಲ. ಇಷ್ಟು ವರ್ಷ ಈ ಊರಲ್ಲಿದ್ದು ಕೈ ಪಳಗಿದೆ. ತಿನ್ನೋ ಪದಾರ್ಥ ಬ್ರೌನ್ ಬಿನ್‌ಗೇ ಹೋಗ್ಬೇಕು."

ನಾನು ಒಂದೊಂದನ್ನೂ ಡೀಗನ್‌ಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಮೊಳಕೆಗೆ ಏನನ್ನಬೇಕೆಂದು ಒಂದು ಗಳಿಗೆ ತಡವರಿಸಿದೆ, ಅಷ್ಟೇ.

ಸಂಪತ್‌ನ ಹಣೆಯ ಮೇಲೆ ಬೆವರಿತ್ತು. ಮೇಜಿನ ಕೆಳಗೆ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಆ ಪೈಪ್ ಮುಟ್ಟಿದ್ದು ಯಾರು?" ಚಂದ್ರಾವತಿ ಕೇಳಿದರು.

"ಪರಿಚಯದವನು ಒಬ್ಬ. ಲೈಸೆನ್ಸ್ ಇರೋನಲ್ಲ." ಅವನು ಈಗ ಕನ್ನಡದಲ್ಲೇ, ಮೇಜು ನೋಡುತ್ತಾ ಮಾತಾಡಿದ. "ಸಡಿಲ ಇದೆ ಅಂತ ಅವನೇ ಹೇಳಿದ್ದ. ಬೇಸಿಗೇಲಿ ಮಾಡ್ಸೋಣ ಅಂತಿದ್ದೆ. ಆವತ್ತು ಅಡುಗೆಮನೆಗೆ ಬಂದು ಬಾಯ್ಲರ್ ನೋಡ್ದೆ. ಗಂಡಿ ನೋಡ್ದೆ. ಖಾಲಿ ಇತ್ತು. ಎಲ್ಲಾ ನನ್ನ ತಲೆ ಮೇಲೇ ಬರತ್ತೆ ಅನ್ನಿಸ್ತು ಮೇಡಂ. ನನ್ನ ಮಕ್ಕಳು, ಕೆಲಸ... ಇವಳ ಬಟ್ಟೆ ನಂಗೆ ನೆನಪಿತ್ತು. ಗುಂಪಲ್ಲಿ ಬೈದಿದ್ನಲ್ಲ. ಅದೊಂದು ಅಲ್ಲಿದ್ರೆ ಅಂತ..."

"ಹುಡುಕೋಕೆ ಮೇಲೆ ಹೋದ್ರಿ."

"ಹೌದು."

"ಅವಳ ಕೋಣೆ ದಾಟ್ಕೊಂಡು."

"ಮೊದಲು ಅವಳನ್ನೇ ನೋಡಿದ್ದು ಮೇಡಂ! ಆಣೆ ಮಾಡಿ ಹೇಳ್ತೀನಿ. ಹೋಗ್ಬಿಟ್ಟಿದ್ದಾಳೆ ಅಂದ್ಕೊಂಡೆ."

"ಅಂದ್ಕೊಂಡ್ರಾ, ನೋಡಿದ್ರಾ?"

ಹೊರಗೆ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು, ಕಿಟಕಿಯ ಗಾಜು ಅದುರಿತು. ಅದು ನಿಲ್ಲುವವರೆಗೂ ಚಂದ್ರಾವತಿ ಕಾದರು.

"ಸಂಪತ್. ನೋಡಿದ್ರಾ?"

"ಗೊರಕೆ ಥರ ಬರ್ತಿತ್ತು" ಎಂದ. "ಬಿಟ್ಟು ಬಿಟ್ಟು. ನಾನು ಬೀರು ತೆಗೆದು ಗಂಟು ಬಿಚ್ತಿದ್ದಾಗ್ಲೂ ಕೇಳಿಸ್ತಿತ್ತು. ಬೇಗ ಮುಗಿಸಿ ಫೋನ್ ಮಾಡೋಣ ಅಂತಿದ್ದೆ. ವಾಪಸ್ ಮೇಲೆ ಹೋದಾಗ ಕೇಳಿಸ್ಲಿಲ್ಲ."

ಡೀಗನ್ ನನ್ನ ಕಡೆ ಬಾಗಿದ. ಏನಂದ, ಎಂದು ಕೇಳಿದ.

ನಾನು ಹೇಳಬೇಕಿತ್ತು. ನನ್ನ ಕೆಲಸ ಅದು. ಬಾಯಿ ತೆರೆದೆ. ಅವಳು ಉಸಿರಾಡುತ್ತಿದ್ದಳಂತೆ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಡೀಗನ್‌ಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು, ಜೋರಾಗಿ, ಎಂದ. ಇನ್ನೊಮ್ಮೆ ಹೇಳಿದೆ. ಈ ಸಲ ಕಿರುಚಿದೆ. ಮೇಜಿನ ಮೇಲಿದ್ದ ಲೋಟ ನನ್ನ ಕೈ ತಗುಲಿ ಉರುಳಿಬಿತ್ತು. ಕೋಪ ಬಂದಿತ್ತು. ನವೆಂಬರಿನಿಂದ ಏನೂ ಬಾರದಿದ್ದ ನನಗೆ ಕೋಪ ಬಂದಿತ್ತು. ಅವನ ಕೊರಳು ಹಿಡಿಯಬೇಕು ಅನ್ನಿಸಿತು. ಚಂದ್ರಾವತಿ ನನ್ನ ಭುಜ ಅದುಮಿ ಹಿಡಿದು ಕೂರಿಸಿದರು.

"ಸ್ಪಂದನಾ, ನಾನು ನಿಂಗೇನೂ ಕೆಟ್ಟದ್ದು..." ಎಂದು ಸಂಪತ್ ಶುರುಮಾಡಿದ.

"ಮುಚ್ಚೋ ಬಾಯಿ" ಎಂದೆ. ಇದನ್ನು ಡೀಗನ್‌ಗೆ ಹೇಳಬೇಕಾಗಿ ಬರಲಿಲ್ಲ.

*

ಅವನನ್ನು ಕರೆದುಕೊಂಡು ಹೋದರು. ಎಷ್ಟು ಶಿಕ್ಷೆಯಾಗುತ್ತದೋ, ಯಾವ ಸೆಕ್ಷನ್ನೋ ನನಗೆ ಗೊತ್ತಿಲ್ಲ. ಡೀಗನ್ ಏನೋ ವಿವರಿಸಿದ. ಕಿವಿಗೆ ಹೋಗಲಿಲ್ಲ. ಕೋಪವೂ ಸ್ವೋರ್ಡ್ಸ್ ತಲುಪುವಷ್ಟರಲ್ಲಿ ಇಳಿದು ಮತ್ತೆ ಮೈಯೆಲ್ಲ ಮರಗಟ್ಟಿತ್ತು.

ಅರ್ಪಿತಾ ಡ್ಯೂಟಿಯಿಂದ ಬಂದಿದ್ದರು. ನಾನು ಕೇಳಿದ್ದಕ್ಕೆ ತಮಗೆ ತಿಳಿದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ನಾನು ಚನ್ನಗಿರಿಗೆ ಫೋನ್ ಮಾಡಿದೆ.

"ಸ್ಟೇಷನ್‌ನವರು ಹೇಳಿದ್ರಮ್ಮ" ಎಂದರು ಶಿವರುದ್ರಪ್ಪ. "ಆವತ್ತು ನಿನ್ನ ಹಾಗೆ ಕೇಳಬಾರದಿತ್ತು. ಮನಸ್ಸಿಗೆ ಹಚ್ಕೋಬೇಡ."

"ಇಲ್ಲ ಅಂಕಲ್."

"ಅವರ ಇಂಗ್ಲಿಷು ನನಗೆ ಪೂರ್ತಿ ತಿಳೀಲಿಲ್ಲ. ಒಂದು ಕೇಳ್ತೀನಿ. ಅವನು ಬಂದ ತಕ್ಷಣ ಫೋನ್ ಮಾಡಿದ್ರೆ, ಉಳೀತಿದ್ಲಾ?"

ಅರ್ಪಿತಾ ಎದುರಿಗೇ ಕೂತಿದ್ದರು. ಕಣ್ಣು ತಗ್ಗಿಸಿದರು. ಚಂದ್ರಾವತಿ ಒಲೆಯ ಮುಂದೆ ನಿಂತಿದ್ದರು, ತಿರುಗಲಿಲ್ಲ. ಏನಾದರೂ ಸಮಾಧಾನದ ಮಾತು ಹೇಳಬಹುದಿತ್ತು. ಅವರಿಗೂ ಅದೇ ಬೇಕಾಗಿತ್ತೇನೋ.

"ಉಳೀತಿದ್ಲು ಅಂಕಲ್" ಎಂದೆ. "ಡಾಕ್ಟ್ರು ಹಾಗೇ ಹೇಳ್ತಾರೆ."

ಆ ಕಡೆ ದೂರದಲ್ಲಿ ಒಂದು ಹೆಣ್ಣು ದನಿ, ಅಪೂರ್ವಾಳ ಅಮ್ಮನದು. "ಏನಂತ್ರೀ? ಏನಂದ್ಲು ಆ ಹುಡುಗಿ? ಹೇಳಿ ಅಂತೀನಿ."

ಶಿವರುದ್ರಪ್ಪ ಏನೋ ಹೇಳಲು ಹೋದರು. ಆಗಲಿಲ್ಲ.

"ನೀನೇ ಹೇಳಮ್ಮ" ಎಂದರು. ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸದ್ದು ಕೇಳಿಸಿತು. ನಾನು ಆಂಟಿಗೂ ಹೇಳಿದೆ.